ಗಣಿಯವನ ಒಪೆರಾ, ಗದ್ದೆಯವನ ಕುರುಕ್ಷೇತ್ರ

ಇಟಲಿಯ ಕಲ್ಲುಗಣಿ ಊರೊಂದರಲ್ಲಿ ಕಾರ್ಮಿಕರು ಸಂಜೆ ಒಟ್ಟಿಗೆ ಕುಳಿತು ಒಪೆರಾ ಹಾಡಿದರೆ, ಕೇಳಿದ ನಮ್ಮ ಪ್ರವಾಸಿ ಬೆರಗಾಗುತ್ತಾನೆ. ‘ಎಂಥ ಸುಸಂಸ್ಕೃತ ದೇಶ!’ ಎಂದು ಊರಿಗೆ ಬಂದು ಹೇಳುತ್ತಾನೆ. ಒಪೆರಾ ಎಂದರೆ ಬೇರೇನಲ್ಲ, ಹಾಡಿನಲ್ಲೇ ನಡೆಯುವ ನಾಟಕ. 2023ರಲ್ಲಿ ಯುನೆಸ್ಕೊ ಇಟಲಿಯ ಒಪೆರಾ ಗಾಯನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ.

ಆದರೆ ಅದೇ ಪ್ರವಾಸಿ ಮಂಡ್ಯದ ವಿ.ಸಿ. ಫಾರಂ ಸುತ್ತಲಿನ ಹಳ್ಳಿಗಳಿಗೆ ಬಂದರೆ ಏನನ್ನುತ್ತಾನೆ? ಇಲ್ಲಿ ಹಗಲೆಲ್ಲ ಕಬ್ಬು ಕಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ‘ಕುರುಕ್ಷೇತ್ರ’ ನಾಟಕದ ಕಂದ, ವೃತ್ತಗಳನ್ನು ಕಲಿಯುತ್ತಾರೆ. ಪಾತ್ರಕ್ಕೆ ಅವರಿಗೆ ಯಾರೂ ಹಣ ಕೊಡುವುದಿಲ್ಲ. ಅವರೇ ಕೈಯಿಂದ ಕೊಡುತ್ತಾರೆ. ದುರ್ಯೋಧನ ಆಗುವವನು ಹೆಚ್ಚು ಕೊಡಬೇಕು. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಬಳ ಎಲ್ಲ ಅದರಲ್ಲೇ ಆಗಬೇಕು. 1934ರಲ್ಲಿ ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿಸಿದ್ದು ಇದೇ ಕಥೆಯನ್ನು. ಮಹಮದ್ ಪೀರ್ ಅವರಂಥ ನಟರು ಮೆರೆದ ಆ ಕಂಪನಿ ನಾಟಕಗಳ ಕಾಲ ಹೋಯಿತು. ಆ ಸಂಗೀತ ಉಳಿದದ್ದು ಈ ರೈತರ ಕೊರಳಲ್ಲಿ.

ಇದಕ್ಕೆ ನಮ್ಮ ವಿದ್ಯಾವಂತರ ತೀರ್ಪು: ‘ರಾತ್ರಿಯೆಲ್ಲ ಮೈಕಿನ ಕೂಗಾಟ.’ ನಿದ್ದೆ ಕೆಟ್ಟವರ ದೂರು ನ್ಯಾಯವೇ. ಮೈಕಿನ ದನಿ ತಗ್ಗಿಸಲಿ. ಆದರೆ ಆ ಮಾತಿನೊಳಗೆ ಇರುವುದು ನಿದ್ದೆಯ ಚಿಂತೆಯಲ್ಲ, ತಿರಸ್ಕಾರ. ಇಟಲಿಯ ಕಾರ್ಮಿಕನನ್ನು ಕಂಡ ಬೆರಗಿನಲ್ಲೂ ಅದೇ ಅವಮಾನ ಅಡಗಿದೆ: ಕಲ್ಲು ಒಡೆಯುವವನಿಗೆ ಇದೆಲ್ಲ ಹೇಗೆ ಗೊತ್ತು?

ಈ ರೈತರಿಗೂ ಒಂದು ಮಾತು ಹೇಳಬೇಕು. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸುತ್ತೀರಿ. ನಿಮ್ಮದೇ ಗದ್ದೆಯಲ್ಲಿ ಬಾಗಿ ನಾಟಿ ಹಾಕುತ್ತ ಹಾಡುವ ಹೆಂಗಸಿಗೆ ಆ ರಂಗದಲ್ಲಿ ಜಾಗವಿಲ್ಲ. ನಾಟಿಗೆ ಯಂತ್ರ ಬಂದ ಮೇಲೆ ಅವಳ ಪದಕ್ಕೆ ಗದ್ದೆಯಲ್ಲೂ ಜಾಗವಿಲ್ಲ.

ವಿ.ಸಿ. ಫಾರಂನಲ್ಲಿ ಭತ್ತ, ಕಬ್ಬು, ರಾಗಿಯ ತಳಿಗಳಿಗೆ ಸಂಶೋಧನಾ ಕೇಂದ್ರವಿದೆ. ಒಂದು ತಳಿ ಕಳೆದುಹೋಗಬಾರದೆಂದು ಬೀಜವನ್ನು ಜೋಪಾನ ಮಾಡುತ್ತೇವೆ. ಹಾಡಿನ ಬೀಜಕ್ಕೆ ಯಾರು ದಿಕ್ಕು? ಉತ್ಸವದ ದಿನ ಶಾಲು ಹೊದಿಸಿದರೆ ಅದು ಮೊಳೆಯುವುದಿಲ್ಲ. ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರನ್ನು, ನಾಟಿ ಪದ ಬಲ್ಲ ಅಜ್ಜಿಯನ್ನು ಊರಿನ ಸರ್ಕಾರಿ ಶಾಲೆಗೆ ವಾರಕ್ಕೆರಡು ದಿನ ಕರೆಸಿ, ಸಂಬಳ ಕೊಡಿ. ಗಂಡು, ಹೆಣ್ಣು ಮಕ್ಕಳಿಬ್ಬರೂ ಕಲಿಯಲಿ.

ಇಟಲಿಯವನ ಹಾಡಿಗೆ ಬೆರಗಾಗುವ ಕಿವಿ ನಮ್ಮ ನಾಲೆ ಬಯಲಿನಲ್ಲಿ ಮಾತ್ರ ಕಿವುಡಾಗುವುದೇಕೆ?