ಹಳೆಯ ಕ್ಯಾಮರಾಕ್ಕೆ ಹೊಸ ಬೆನ್ನು

ಧಾರವಾಡದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ನಮ್ಮ ಕಾಕಾ ಅವರ ಹಾಫ್ ಪ್ಲೇಟ್ ಕ್ಯಾಮರಾ ಈಗ ಡೊಂಬಿವಲಿಯ ನಮ್ಮ ಮನೆಯ ಮೂಲೆಯಲ್ಲಿ ನಿಂತಿದೆ. ತೇಗದ ಚೌಕಟ್ಟು, ಹಿತ್ತಾಳೆಯ ತಿರುಪುಗಳು, ಚರ್ಮದ ತಿದಿ ಎಲ್ಲವೂ ಸುಸ್ಥಿತಿಯಲ್ಲಿವೆ. ಅದಕ್ಕೆ ಬೇಕಾದ ಪ್ಲೇಟು ಮಾತ್ರ ಪೇಟೆಯಲ್ಲಿ ಸುಲಭವಾಗಿ ದೊರೆಯದು. ಕಾಲೇಜಿನಲ್ಲಿ ಓದುತ್ತಿರುವ ಮಗನು, ಅದರ ಹಿಂಭಾಗವನ್ನು ಬಡಗಿಯಿಂದ ಕೊಯ್ಯಿಸಿ ತನ್ನ ಡಿಜಿಟಲ್ ಕ್ಯಾಮರಾವನ್ನು ಅಲ್ಲಿ ಕೂರಿಸೋಣವೆಂದನು. ಕಾಕಾ ಅವರ ಕೈಯಲ್ಲಿ ಸವೆದ ಆ ಮರದ ಮೇಲೆ ಗರಗಸವಾಡುವುದನ್ನು ನೆನೆದು ನನಗೆ ಸಂಕಟವಾಯಿತು. ಆದರೆ ಸಂಕಟವೇ ವಾದವಾಗಲಾರದು. ಬ್ಯಾಂಕಿನವನಾದ ನಾನು ಜಮಾ-ಖರ್ಚು ಬರೆದು ನೋಡಿದೆನು.

ಮೊದಲು ಖರ್ಚು. ಹಾಫ್ ಪ್ಲೇಟಿನ ಅಳತೆ 4¾ × 6½ ಅಂಗುಲ. ಇಂದಿನ ‘ಫುಲ್ ಫ್ರೇಮ್’ ಕ್ಯಾಮರಾದ ಸೆನ್ಸರ್ 24 × 36 ಮಿ.ಮೀ. ಎಂದರೆ ಪ್ಲೇಟಿನ ಸುಮಾರು 23ರಲ್ಲಿ ಒಂದು ಪಾಲು! ಇಡೀ ಕುಟುಂಬವನ್ನು ಹಿಡಿಯುತ್ತಿದ್ದ ಲೆನ್ಸಿನಲ್ಲಿ ಈಗ ಅಜ್ಜಿಯ ಮುಖವೊಂದೇ ಮೂಡೀತು. ಸಣ್ಣ ಚಿತ್ರವನ್ನು ಬಹಳ ಹಿಗ್ಗಿಸಬೇಕಾದ್ದರಿಂದ ಹಳೆಯ ಲೆನ್ಸಿನ ಮಂದತನವೂ ಎದ್ದು ಕಾಣುತ್ತದೆ. ಸೆನ್ಸರ್ ಕ್ಯಾಮರಾದ ಬಾಯಿಯಿಂದ ಒಳಗೆ ಹುದುಗಿರುವುದರಿಂದ ಲೆನ್ಸನ್ನು ಹೆಚ್ಚು ಸರಿಸಿದರೆ ಅಂಚು ಕಪ್ಪಾಗುತ್ತದೆ. ಕನ್ನಡಿಯುಳ್ಳ ಕ್ಯಾಮರಾಗಳಲ್ಲಿ ಈ ಆಳ ಸುಮಾರು 45 ಮಿ.ಮೀ.; ಕನ್ನಡಿಯಿಲ್ಲದ ಹೊಸ ಬಗೆಯವುಗಳಲ್ಲಿ 16ರಿಂದ 20. ಆದುದರಿಂದ ಈ ಕೆಲಸಕ್ಕೆ ಎರಡನೆಯದೇ ಲೇಸು. ಮೂಗಿಗಿಂತ ಮೂಗುತಿ ಭಾರವೆಂದು ಯಾರಾದರೂ ನಕ್ಕರೆ ತಪ್ಪೆನ್ನಲಾಗದು.

ಇನ್ನು ಜಮಾ. ಎತ್ತರದ ಕಟ್ಟಡವನ್ನು ತೆಗೆಯಲು ಕ್ಯಾಮರಾವನ್ನೇ ಮೇಲಕ್ಕೆತ್ತಿದರೆ ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಇಲ್ಲಿಯಾದರೋ ಲೆನ್ಸಿನ ಹಲಗೆಯನ್ನು ಮಾತ್ರ ಮೇಲೇರಿಸಿದರೆ ಸಾಕು, ಗೋಡೆ ನೆಟ್ಟಗೆ ನಿಲ್ಲುತ್ತದೆ. ಹಿಂಬದಿಯನ್ನು ತಕ್ಕಂತೆ ವಾಲಿಸಿದರೆ ಕಾಲಬುಡದ ಕಲ್ಲಿನಿಂದ ದೂರದವರೆಗಿನ ನೆಲವೆಲ್ಲ ಸ್ಪಷ್ಟವಾಗುತ್ತದೆ. ಈ ನಿಯಮವು 1904ರಲ್ಲಿ ಪೇಟೆಂಟ್ ಪಡೆದ ಆಸ್ಟ್ರಿಯಾದ ಸೇನಾಧಿಕಾರಿ ಶೈಂಪ್‌ಫ್ಲೂಗ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಲೆನ್ಸನ್ನು ಅಲುಗಿಸದೆ ಹಿಂದಿನ ಕ್ಯಾಮರಾವನ್ನು ಮಾತ್ರ ಪಕ್ಕಪಕ್ಕಕ್ಕೆ ಜಾರಿಸಿ ಹಲವು ಚಿತ್ರ ತೆಗೆದು ಜೋಡಿಸಿದರೆ, ಕಳೆದುಕೊಂಡ ವಿಸ್ತಾರದ ಬಹುಪಾಲು ಮರಳಿ ಬರುತ್ತದೆ. ಕಾಕಾ ಅವರ ಲೆನ್ಸಿಗೆ ಷಟರ್ ಇಲ್ಲ. ಅವರು ಮುಚ್ಚಳ ತೆಗೆದು, ಎಣಿಸಿ, ಮುಚ್ಚುತ್ತಿದ್ದರು. ಈಗ ಡಿಜಿಟಲ್ ಕ್ಯಾಮರಾದ ಷಟರೇ ಆ ಕೆಲಸ ಮಾಡುತ್ತದೆ.

ಹೀಗೆ ಜಮಾ ಉಂಟು. ಆದರೆ ಅದಕ್ಕಾಗಿ ಮರವನ್ನು ಕೊಯ್ಯಬೇಕಾಗಿಲ್ಲ. ಪ್ಲೇಟ್ ಹೋಲ್ಡರಿನ ಅಳತೆಗೆ ಒಂದು ಹಲಗೆ ಮಾಡಿಸಿ, ನಡುವೆ ತೂತು ಕೊರೆದು, ಕ್ಯಾಮರಾ ಕಚ್ಚಿಕೊಳ್ಳುವ ಬಳೆಯನ್ನು ಅದಕ್ಕೆ ಬಿಗಿದರೆ ಸಾಕು. ಹಲಗೆ ತೆಗೆದರೆ ಹಳೆಯ ಕ್ಯಾಮರಾ ಇದ್ದಂತೆಯೇ ಇರುತ್ತದೆ. ಬಡ್ಡಿಯನ್ನು ಅನುಭವಿಸಬೇಕು, ಅಸಲನ್ನು ಮುಟ್ಟಬಾರದು. ಹಿರಿಯರ ವಸ್ತುಗಳ ವಿಷಯದಲ್ಲಿ ಇದೇ ಸರಿಯಾದ ಲೆಕ್ಕವೆಂದು ನನ್ನ ದೃಢವಾದ ಅಭಿಪ್ರಾಯ.

ಮಗನು ಒಪ್ಪಿದನು. ಹಲಗೆ ಸಿದ್ಧವಾದ ದಿನ ಮೊದಲು ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಮನೆಯವರೆಲ್ಲರನ್ನೂ ನೋಡಿದನು. ಅನಂತರ ಹಲಗೆ ಕೂಡಿಸಿದಾಗ ಉಳಿದುದು ಅವನ ಅಜ್ಜಿಯ ಮುಖವೊಂದೇ. “ಅಪ್ಪಾ, ಅಜ್ಜ ಇಷ್ಟೂ ಮಂದಿಯನ್ನು ಒಂದೇ ಸಲಕ್ಕೆ ತೆಗೆಯುತ್ತಿದ್ದರೇ?” ಎಂದು ಕೇಳಿದನು. ಮರವನ್ನು ಕೊಯ್ದಿದ್ದರೆ ಆ ಗಾಜೂ ಇರುತ್ತಿರಲಿಲ್ಲ, ಈ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಊರಿನ ಮನೆಯ ಅಟ್ಟದ ಮೇಲೆ ಇಂತಹ ಪೆಟ್ಟಿಗೆಯುಳ್ಳ ಬಂಧುಗಳು ಗುಜರಿಯವನನ್ನಾಗಲಿ ಬಡಗಿಯನ್ನಾಗಲಿ ಕರೆಯುವ ಮುನ್ನ ಒಮ್ಮೆ ಯೋಚಿಸಬೇಕೆಂದು ನನ್ನ ವಿನಂತಿ.