‘ಬೆಡ್ಲಮ್’ ಎಂದರೆ ಹುಚ್ಚಾಸ್ಪತ್ರೆಯೇ?

ಈಚೆಗೆ ಒಂದು ಇಂಗ್ಲಿಷ್ ಪ್ರಬಂಧವನ್ನು ಕನ್ನಡಕ್ಕೆ ತರುತ್ತಿದ್ದೆ. ಶಾಸನಸಭೆಯೊಂದರ ಗಲಾಟೆಯನ್ನು ವರ್ಣಿಸಲು ಲೇಖಕರು ‘ಬೆಡ್ಲಮ್’ ಎಂಬ ಪದ ಬಳಸಿದ್ದರು. ನಾನು ‘ಕೋಲಾಹಲ’ ಎಂದು ಬರೆದೆ. ಕರಡು ನೋಡಿದ ಹಿರಿಯ ಸಂಪಾದಕರು ಅದನ್ನು ಹೊಡೆದು ಹಾಕಿ ‘ಹುಚ್ಚಾಸ್ಪತ್ರೆ’ ಎಂದು ತಿದ್ದಿದರು. “ಮೂಲದ ಖಾರ ಬರಬೇಕಲ್ಲಮ್ಮಾ” ಅಂದರು. ನಾನು ಒಪ್ಪಲಿಲ್ಲ. ಕಾರಣವನ್ನು ಅವತ್ತು ನೆಟ್ಟಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಪದದ ಹುಟ್ಟಿನ ಮಟ್ಟಿಗೆ ಅವರ ಮಾತು ಸರಿಯೇ. 1247ರಲ್ಲಿ ಲಂಡನ್ನಿನಲ್ಲಿ ಸೇಂಟ್ ಮೇರಿ ಆಫ್ ಬೆತ್ಲೆಹೆಮ್ ಎಂಬ ಕ್ರೈಸ್ತ ಮಠ ಸ್ಥಾಪನೆಯಾಯಿತು. 1403ರ ಹೊತ್ತಿಗೆ ಅಲ್ಲಿ ಮನೋರೋಗಿಗಳಿದ್ದರು. ಜನರ ಬಾಯಲ್ಲಿ ಬೆತ್ಲೆಹೆಮ್ ಸವೆದು ಬೆಡ್ಲಮ್ ಆಯಿತು. ಮುಂದೆ ಆ ಆಸ್ಪತ್ರೆ ನಗರದ ತಮಾಷೆಯ ತಾಣವೇ ಆಗಿಹೋಯಿತು. ರೋಗಿಗಳನ್ನು ನೋಡಲು ಜನ ಬರುತ್ತಿದ್ದರು. ವಿಲಿಯಂ ಹೊಗಾರ್ತ್ 1735ರಲ್ಲಿ ಪ್ರಕಟಿಸಿದ ಚಿತ್ರಸರಣಿಯ ಕೊನೆಯ ಚಿತ್ರದಲ್ಲಿ, ನರಳುವ ರೋಗಿಗಳ ನಡುವೆ ಸಿಂಗರಿಸಿಕೊಂಡ ಇಬ್ಬರು ಹೆಂಗಸರು ನಿಂತಿದ್ದಾರೆ. ಈ ಮುಕ್ತ ಪ್ರವೇಶಕ್ಕೆ ತಡೆ ಬಿದ್ದದ್ದು 1770ರಲ್ಲಿ. ಅಲ್ಲಿನ ಗದ್ದಲದಲ್ಲಿ ನೋಡಲು ಬಂದವರದ್ದೂ ಪಾಲಿತ್ತು. ಹೆಸರು ಮಾತ್ರ ರೋಗಿಗಳ ತಲೆಗೆ ಬಿತ್ತು.

“ಅದೆಲ್ಲ ಹಳೇ ಕತೆ, ಈಗ ಅದು ಬರೀ ಪದ” ಎನ್ನುವವರಿದ್ದಾರೆ. ಇಂಗ್ಲಿಷಿನವರು ಹಾಗೆನ್ನಬಹುದೇನೋ, ಅವರ ಕಿವಿಗೆ ಬೆಡ್ಲಮ್ಮಿನಲ್ಲಿ ಆಸ್ಪತ್ರೆ ಕೇಳಿಸುವುದು ಕಡಿಮೆ. ಕನ್ನಡದಲ್ಲಿ ‘ಹುಚ್ಚಾಸ್ಪತ್ರೆ’ ಎಂದರೆ ಆಸ್ಪತ್ರೆಯೇ ಕಣ್ಣೆದುರು ಬರುತ್ತದೆ. ಬೆಂಗಳೂರಿನ ‘ಲುನಾಟಿಕ್ ಅಸೈಲಂ’ 1925ರಲ್ಲೇ ಆ ಹೆಸರು ಬಿಟ್ಟು ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿತು. ನಾವು ಹಳೆಯ ಬೈಗುಳವನ್ನೂ ಉಳಿಸಿಕೊಂಡೆವು, ಹೊಸ ಹೆಸರನ್ನೂ ಬೈಗುಳ ಮಾಡಿಕೊಂಡೆವು. “ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು” ಎಂಬ ಮಾತನ್ನು ಕಾಲೇಜು ಕ್ಯಾಂಟೀನಿನಲ್ಲಿ ಯಾರು ಕೇಳಿಲ್ಲ?

ಈ ಮಾತಿಗೆ ಬೆಲೆ ತೆತ್ತವರು ನಮ್ಮ ಮನೆಯಲ್ಲಿದ್ದಾರೆ. ನಮ್ಮ ಚಿಕ್ಕಪ್ಪ ಎರಡು ವರ್ಷ ನಿದ್ದೆಯಿಲ್ಲದೆ, ಯಾರೋ ಕರೆಯುತ್ತಿದ್ದಾರೆಂದು ರಾತ್ರಿಯೆಲ್ಲ ಬಾಗಿಲು ತೆಗೆಯುತ್ತಾ ಕಳೆದರು. ಔಷಧಿಗಿಂತ ಹೆಚ್ಚಾಗಿ ಆಸ್ಪತ್ರೆಯ ಹೆಸರಿಗೇ ಮನೆಯವರು ಹೆದರಿದ್ದರು. ಕೊನೆಗೆ ಹೊರಟಾಗಲೂ ಚಿಕ್ಕಮ್ಮ ನೆರೆಯವರಿಗೆ, “ಕಣ್ಣು ತೋರಿಸೋಕೆ ಬೆಂಗಳೂರಿಗೆ ಹೋಗ್ತಿದೀವಿ” ಎಂದು ಹೇಳಿದರು. ಅಲ್ಲಿ ನಾನು ಕಂಡದ್ದು ಫೈಲು ಹಿಡಿದು ಸಾಲಾಗಿ ಕೂತ ಜನ, ಬುತ್ತಿಯ ಚೀಲ, ತಾಯಿಯ ತೊಡೆಯ ಮೇಲೆ ಮಲಗಿದ್ದ ದೊಡ್ಡ ಮಗ. ಯಾರೂ ದನಿ ಎತ್ತಲಿಲ್ಲ. ತಮ್ಮ ಹೆಸರು ಕೂಗುವುದನ್ನೇ ಎಲ್ಲರೂ ಕಾಯುತ್ತಿದ್ದರು.

ಇನ್ನು ಸದನದ ಮಾತು. ಅಲ್ಲಿ ಮೇಜು ಗುದ್ದುವವರಿಗೆ ಕ್ಯಾಮೆರಾ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತು. ಯಾವ ಮಸೂದೆಯ ಚರ್ಚೆ ನಿಲ್ಲಬೇಕು ಎಂಬುದೂ ಗೊತ್ತು. ಲೆಕ್ಕ ಹಾಕಿ ಮಾಡಿದ ಕೆಲಸಕ್ಕೆ ಹುಚ್ಚು ಎಂದು ಹೆಸರಿಟ್ಟರೆ, ಮಾಡಿದವರು ಹೊಣೆಯಿಂದ ಪಾರಾಗುತ್ತಾರೆ, ಏನೂ ಮಾಡದ ರೋಗಿಗಳು ಅವಮಾನ ಹೊರುತ್ತಾರೆ. ಒಂದೇ ಪದ ಎರಡು ಅನ್ಯಾಯ ಮಾಡುತ್ತದೆ.

ಕನ್ನಡಕ್ಕೆ ಪದಗಳ ಬರವೇನೂ ಇಲ್ಲ. ಗದ್ದಲ, ಗೊಂದಲ, ರಂಪ, ರಾದ್ಧಾಂತ, ದೊಂಬಿ, ಅಧ್ವಾನ. ಒಂದೊಂದಕ್ಕೂ ಅದರದ್ದೇ ಖಾರವಿದೆ. ಸಂದರ್ಭ ನೋಡಿ ಆರಿಸಿಕೊಳ್ಳುವುದಕ್ಕೆ ತಾನೇ ಅನುವಾದಕರು ಇರುವುದು?

ಕರಡಿನಲ್ಲಿ ಮತ್ತೆ ‘ಕೋಲಾಹಲ’ ಎಂದು ಬರೆದು ಕಳಿಸಿದ್ದೇನೆ. ಸಂಪಾದಕರಿಂದ ಉತ್ತರ ಬಂದಿಲ್ಲ. ಪ್ರಕಟವಾದರೆ ನನ್ನ ಪಿಎಚ್.ಡಿ. ಅರ್ಜಿಗಳಿಗೆ ಅನುಕೂಲವಾಗುವ ಅನುವಾದವದು. ಆದರೂ ಆ ಪದ ಉಳಿಯದಿದ್ದರೆ ಅದನ್ನು ವಾಪಸ್ ಪಡೆಯುತ್ತೇನೆ. ಚಿಕ್ಕಪ್ಪ ಈಗ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದಾರೆ. ನಾನು ಬರೆದದ್ದನ್ನೆಲ್ಲ ಅವರು ಓದುತ್ತಾರೆ.