ಫೈಲ್ ಇದೆಯೇ ಎಂದು ಸ್ಕ್ರಿಪ್ಟ್ ಮೊದಲು ನೋಡಲಿ

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ನಾವು ಬರೆಯುವುದು ಹೆಚ್ಚಾಗಿ ಒಂದೇ ಫೈಲಿನ ಪ್ರೋಗ್ರಾಂ. ಬರೆದು ರನ್ ಮಾಡಿದರೆ ಮುಗಿಯಿತು. ದೊಡ್ಡ ತಂತ್ರಾಂಶಗಳಲ್ಲಿ ನೂರಾರು ಫೈಲುಗಳಿರುತ್ತವೆ. ಅವನ್ನೆಲ್ಲ ಕಂಪೈಲ್ ಮಾಡಿ, ಪರೀಕ್ಷಿಸಿ, ಒಟ್ಟುಗೂಡಿಸುವ ಕೆಲಸ ಬಿಲ್ಡ್ ಸ್ಕ್ರಿಪ್ಟಿನದು. ಬೇಕಾದ ಫೈಲ್ ಇಲ್ಲದಿದ್ದರೆ ಈ ಸ್ಕ್ರಿಪ್ಟ್ ಸುಮ್ಮನೆ ಮುಂದೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಜಾವಾ ಪ್ರೋಗ್ರಾಂಗಳಿಗಾಗಿ 2000ರಲ್ಲಿ ಬಿಡುಗಡೆಯಾದ ಅಪಾಚೆ ಆ್ಯಂಟ್ ಅನ್ನೇ ನೋಡೋಣ. ಅದರಲ್ಲಿ 'ಅವೈಲಬಲ್' ಎಂಬ ಆಜ್ಞೆಯಿದೆ. ನಾವು ಹೇಳಿದ ಫೈಲ್ ಸಿಕ್ಕರೆ ಅದು ಒಂದು ಪ್ರಾಪರ್ಟಿಗೆ 'ಟ್ರೂ' ಎಂಬ ಬೆಲೆ ಕೊಡುತ್ತದೆ. ಸಿಗದಿದ್ದರೆ 'ಫಾಲ್ಸ್' ಎಂದು ಬರೆಯುವುದಿಲ್ಲ, ಆ ಪ್ರಾಪರ್ಟಿಯನ್ನೇ ಹುಟ್ಟಿಸುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. ಒಂದು ಟಾರ್ಗೆಟ್‌ಗೆ 'ಇಫ್' ಎಂದು ಬರೆದು ಪ್ರಾಪರ್ಟಿಯ ಹೆಸರು ಕೊಟ್ಟರೆ, ಆ್ಯಂಟ್ ನೋಡುವುದು ಆ ಪ್ರಾಪರ್ಟಿ ಇದೆಯೇ ಎಂದು ಮಾತ್ರ. ಬೆಲೆ 'ಫಾಲ್ಸ್' ಆಗಿದ್ದರೂ ಟಾರ್ಗೆಟ್ ಓಡುತ್ತದೆ! ಇನ್ನೊಂದು ನಿಯಮ: ಒಮ್ಮೆ ಬೆಲೆ ಪಡೆದ ಪ್ರಾಪರ್ಟಿ ಮತ್ತೆ ಬದಲಾಗುವುದಿಲ್ಲ, ಮೊದಲು ಬಂದದ್ದೇ ಉಳಿಯುತ್ತದೆ. ಹಾಗಾಗಿ ಬಳಕೆದಾರರ ಸೆಟ್ಟಿಂಗ್ ಫೈಲನ್ನು ಮೊದಲು ಓದಿಸಿ, ಡೀಫಾಲ್ಟ್ ಬೆಲೆಯನ್ನು ಅದರ ನಂತರ ಬರೆಯಬೇಕು.

ಇದು ಬರೀ ವ್ಯಾಕರಣದ ಮಾತಲ್ಲ. ಶುಲ್ಕದ ಲೆಕ್ಕ ಇಡುವ ಒಂದು ತಂತ್ರಾಂಶವಿದೆ ಎಂದುಕೊಳ್ಳಿ. ಪರೀಕ್ಷೆ ನಡೆಸುವ ಲೈಬ್ರರಿ ಇದ್ದರೆ ಮಾತ್ರ ಪರೀಕ್ಷಿಸು ಎಂದು ಅದರ ಸ್ಕ್ರಿಪ್ಟಿನಲ್ಲಿದೆ. ಹೊಸ ಕಂಪ್ಯೂಟರಿನಲ್ಲಿ ಆ ಲೈಬ್ರರಿ ಇಲ್ಲ. ಪರೀಕ್ಷೆ ನಡೆಯುವುದೇ ಇಲ್ಲ, ಆದರೂ ಕೊನೆಯಲ್ಲಿ 'ಬಿಲ್ಡ್ ಸಕ್ಸಸ್‌ಫುಲ್' ಎಂದು ಬರುತ್ತದೆ. ಆ ಮಾತನ್ನು ನಂಬಿ ತಂತ್ರಾಂಶವನ್ನು ಕೊಟ್ಟುಬಿಡುತ್ತಾರೆ. ಲೆಕ್ಕ ತಪ್ಪಿದರೆ ಕೌಂಟರಿನ ಮುಂದೆ ನಿಂತು ಉತ್ತರ ಹೇಳಬೇಕಾದವನು ಯಾವುದೋ ಬಡ ವಿದ್ಯಾರ್ಥಿ.

ಆದ್ದರಿಂದ ಫೈಲುಗಳನ್ನು ಎರಡು ಬಗೆಯಾಗಿ ವಿಂಗಡಿಸಬೇಕು. ಕಡ್ಡಾಯವಾದದ್ದು ಇಲ್ಲದಿದ್ದರೆ 'ಫೇಲ್' ಆಜ್ಞೆಯಿಂದ ಅಲ್ಲೇ ನಿಲ್ಲಿಸಿ, ಯಾವ ಫೈಲ್ ಇಲ್ಲ, ಅದು ಎಲ್ಲಿರಬೇಕಿತ್ತು ಎಂದು ಹೇಳಬೇಕು. ಐಚ್ಛಿಕವಾದದ್ದು ಇಲ್ಲದಿದ್ದರೆ ಬದಲಿ ದಾರಿ ಹಿಡಿಯಬಹುದು, ಆದರೆ ಹಿಡಿದಿದ್ದೇನೆಂದು ಪರದೆಯ ಮೇಲೆ ತಿಳಿಸಬೇಕು.

ಈ ಕ್ರಮ ನಮಗೆ ಹೊಸದೇನಲ್ಲ. ನಮಾಝಿಗೆ ಮುನ್ನ ವುಝೂ ಬೇಕು. ನೀರು ಸಿಗದಿದ್ದರೆ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಲು ಅನುಮತಿಯಿದೆ. ಷರತ್ತು ಯಾವುದು, ವಿನಾಯಿತಿ ಯಾವಾಗ ಎಂಬುದು ಮೊದಲೇ ಸ್ಪಷ್ಟವಾಗಿದೆ. ಸ್ಕ್ರಿಪ್ಟಿನಲ್ಲೂ ಅಷ್ಟೇ ಸ್ಪಷ್ಟತೆ ಇರಲಿ.

ಇಷ್ಟೆಲ್ಲ ತಪಾಸಣೆ ಬರೆದರೆ ಸ್ಕ್ರಿಪ್ಟ್ ಉದ್ದವಾಗುತ್ತದೆ ಎಂದು ಕೆಲವು ಗೆಳೆಯರು ಹೇಳುತ್ತಾರೆ. ನಿಜ, ನಾಲ್ಕಾರು ಸಾಲು ಹೆಚ್ಚಾಗುತ್ತದೆ. ಆದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದರಲ್ಲಿ ಒಂದು ಮಧ್ಯಾಹ್ನವೇ ಕಳೆದುಹೋಗಬಹುದು. ಹಾಗೆಂದು ಪ್ರತಿ ಫೈಲಿಗೂ ತಪಾಸಣೆ ಬೇಕಿಲ್ಲ, ಕೆಲಸ ನಿಂತಿರುವುದು ಯಾವುದರ ಮೇಲೋ ಅದಕ್ಕೆ ಸಾಕು.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಈ ವರ್ಷ ಒಂದು ಲ್ಯಾಬ್ ಅವಧಿಯನ್ನು ಇದಕ್ಕೆ ಕೊಡಿ. ಸರಿಯಾಗಿ ಓಡುವ ಸ್ಕ್ರಿಪ್ಟಿನಿಂದ ಬೇಕೆಂದೇ ಒಂದು ಫೈಲ್ ತೆಗೆದಿಟ್ಟು ಮತ್ತೆ ಓಡಿಸಲು ಹೇಳಿ. ಪರದೆಯ ಮೇಲೆ ಬಂದ ಸಂದೇಶ ಓದಿದ ಸಹಪಾಠಿಗೆ ಕಾಣೆಯಾದ ಫೈಲ್ ಯಾವುದೆಂದು ತಿಳಿದರೆ ಅಂಕ ಕೊಡಿ.